ಅರಸನಿಲ್ಲದ ಊರಿನ ಅರಮನೆ

(ಒಂದು ಭಾನುವಾರ ಸಂಜೆ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ಮೊಟಕು ಮಾಡಿದ್ದೇನೆ, ಕೆಲವು ಕಡೆ ಅಂದು ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ ಸಮಾಸ ಬಿಡಿಸಿ ಬರೆದದ್ದು ನಿಮಗೆ ನೆನಪಿರಬೇಕು. ಅರಸನ ಮನೆ ಅರಮನೆ, ತತ್ಪುರುಷ ಸಮಾಸ. ಬರೆದರೆ ಒಂದು ಅಂಕ ಗ್ಯಾರಂಟಿ. ಆ ಪದದ ಒಳಗೇ ಅರಸ ಕೂತಿದ್ದಾನೆ ಅನ್ನುವುದನ್ನು ಆಗ ನಾವು ಗಮನಿಸಿರಲಿಲ್ಲ. ಅರಸ ಎದ್ದು ಹೋದರೆ ಪದವೂ ಹೋಯಿತು.

ಇಂಗ್ಲಿಷಿನ ಪ್ಯಾಲೇಸ್ ಹಾಗಲ್ಲ. ಅದರಲ್ಲಿ ಅರಸನೂ ಇಲ್ಲ, ಮನೆಯೂ ಇಲ್ಲ. ಇರುವುದು ಒಂದು ಗುಡ್ಡ. ರೋಮ್ ನಗರದ ನಟ್ಟನಡುವೆ ಫೋರಮ್ ಎಂಬ ಹಳೆಯ ಚೌಕ ಇದೆ. ಅದರ ಪಕ್ಕದಲ್ಲೇ ಸುಮಾರು 40 ಮೀಟರ್ ಎತ್ತರದ ಗುಡ್ಡ, ಪ್ಯಾಲಟೈನ್. ಲ್ಯಾಟಿನ್ನಿನಲ್ಲಿ ಪಲಾಟಿಯಮ್. ಮೊದಲ ಚಕ್ರವರ್ತಿ ಅಲ್ಲಿ ಮನೆ ಮಾಡಿದ. ಅವನ ನಂತರದವರೂ ಅಲ್ಲೇ ಇದ್ದರು. ಡಿಯೋ ಕ್ಯಾಸಿಯಸ್ ಎಂಬ ಹಳೆಯ ಇತಿಹಾಸಕಾರ ಒಂದು ಮಾತು ಬರೆದಿದ್ದಾನೆ. ಹೀಗೆ ಕರೆಯಬೇಕು ಅಂತ ಯಾರೂ ಠರಾವು ಮಾಡಿಲ್ಲ, ಆದರೂ ಚಕ್ರವರ್ತಿ ಬೇರೆ ಎಲ್ಲಿ ಬಿಡಾರ ಹೂಡಿದರೂ ಆ ಜಾಗಕ್ಕೂ ಪಲಾಟಿಯಮ್ ಎಂದೇ ಹೆಸರು ಅಂತ. ಹೀಗೆ ಗುಡ್ಡದ ಹೆಸರು ಮನೆಯ ಹೆಸರಾಯಿತು. ಇಟಲಿಯವರ ಪಲಾಝೋ, ಜರ್ಮನರ ಪಲಾಸ್ಟ್ ಎಲ್ಲವೂ ಆ ಗುಡ್ಡದಿಂದಲೇ ಇಳಿದು ಬಂದವು.

ಪದದಲ್ಲಿ ಅರಸ ಇಲ್ಲದಿರುವುದು ಒಂದು ಲೆಕ್ಕಕ್ಕೆ ಸರಿಯಾಗೇ ಇದೆ. ರೋಮನ್ನರಿಗೆ ಅರಸ ಅನ್ನುವುದೇ ಬೈಗುಳ. ಕ್ರಿ.ಪೂ. 509ರಲ್ಲಿ ಕೊನೆಯ ಅರಸನನ್ನು ಊರು ಬಿಟ್ಟು ಓಡಿಸಿದೆವು ಅನ್ನುವುದು ಅವರ ಪರಂಪರೆಯ ಹೆಮ್ಮೆ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್‌ನನ್ನು ಕೊಂದದ್ದೂ ಇವನು ಅರಸನಾಗಲು ಹೊರಟಿದ್ದಾನೆ ಎಂಬ ಗುಮಾನಿಯಿಂದ. ಸೀಸರ್‌ನ ಮನೆಯ ಮುಂಭಾಗಕ್ಕೆ ದೇವಸ್ಥಾನಕ್ಕಿರುವಂಥ ತ್ರಿಕೋನದ ಮುಖವಾಡ ಕಟ್ಟಲು ಸೆನೆಟ್, ಅಂದರೆ ರೋಮಿನ ಹಿರಿಯರ ಸಭೆ, ಒಪ್ಪಿಗೆ ಕೊಟ್ಟಿತ್ತು. ಸಾಯುವ ಹಿಂದಿನ ರಾತ್ರಿ ಅದು ಕುಸಿದು ಬಿದ್ದ ಹಾಗೆ ಹೆಂಡತಿ ಕಲ್ಪುರ್ನಿಯಾಗೆ ಕನಸು ಬಿತ್ತಂತೆ. ಅದೇ ಹೊತ್ತಿಗೆ ಮಲಗುವ ಕೋಣೆಯ ಬಾಗಿಲು ತಾನಾಗಿ ದಢಾರನೆ ತೆರೆದುಕೊಂಡಿತಂತೆ. ಕಥೆ ನಿಜವೋ ಸುಳ್ಳೋ, ರೋಮನ್ನರಿಗೆ ಯಾವುದು ಕಣ್ಣು ಚುಚ್ಚುತ್ತಿತ್ತು ಅನ್ನುವುದು ಇದರಿಂದ ತಿಳಿಯುತ್ತದೆ.

ಅಂಥ ಊರಿನಲ್ಲಿ ಒಬ್ಬ ಮನುಷ್ಯ ಎಲ್ಲ ಅಧಿಕಾರವನ್ನೂ ಕೈಗೆ ತೆಗೆದುಕೊಂಡರೆ ಎಂಥ ಮನೆಯಲ್ಲಿ ಇರಬೇಕು? ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ರೋಮಿನ ಚಕ್ರವರ್ತಿಗಳ ಕಟ್ಟಡಗಳ ಬಗ್ಗೆ ಮಾತು ಬಂದರೆ ನಾವು ಎತ್ತರ ನೋಡುತ್ತೇವೆ, ಅಮೃತಶಿಲೆ ನೋಡುತ್ತೇವೆ. ನನಗೆ ಬಾಗಿಲು ನೋಡುವ ಚಟ. ಬಾಗಿಲು ಯಾರಿಗೆ ತೆರೆದಿತ್ತು, ಯಾರನ್ನು ತಡೆಯಿತು ಅಂತ ಕೇಳುತ್ತಾ ಹೋದರೆ ಆ ಮನೆಗಳು ಜಾಸ್ತಿ ಮಾತಾಡುತ್ತವೆ.

ಮೊದಲು ಆಗಸ್ಟಸ್, ಆಗ ಹೇಳಿದ ಮೊದಲ ಚಕ್ರವರ್ತಿ ಇವನೇ. ಸ್ವೆಟೋನಿಯಸ್ ಎಂಬ ಜೀವನಚರಿತ್ರೆಕಾರ ಅವನ ಮನೆಯನ್ನು ವರ್ಣಿಸಿದ್ದಾನೆ. ಹಾರ್ಟೆನ್ಸಿಯಸ್ ಎಂಬ ಹೆಸರಾಂತ ವಾಗ್ಮಿಗೆ ಸೇರಿದ್ದ ಹಳೇ ಮನೆ ಅದು. ದೊಡ್ಡದೂ ಅಲ್ಲ, ಸೊಗಸೂ ಅಲ್ಲ. ಗಿಡ್ಡ ಕಂಬಗಳು, ಅವೂ ಹತ್ತಿರದ ಗುಡ್ಡದ ಸಾದಾ ಕಲ್ಲಿನವು. ಕೋಣೆಗಳಲ್ಲಿ ಅಮೃತಶಿಲೆ ಇಲ್ಲ, ಹೇಳಿಕೊಳ್ಳುವಂಥ ನೆಲಹಾಸೂ ಇಲ್ಲ. 40 ವರ್ಷಕ್ಕೂ ಹೆಚ್ಚು ಕಾಲ, ಚಳಿಯಿರಲಿ ಸೆಖೆಯಿರಲಿ, ಒಂದೇ ಕೋಣೆಯಲ್ಲಿ ಮಲಗಿದ. ಮನೆಯ ಹೆಂಗಸರು ನೇಯ್ದ ಬಟ್ಟೆ ಉಟ್ಟ. ಮೊಮ್ಮಗಳು ಜೂಲಿಯಾ ಹಳ್ಳಿಯಲ್ಲಿ ಭರ್ಜರಿ ಬಂಗಲೆ ಕಟ್ಟಿಸಿದಾಗ ಅದನ್ನು ನೆಲಸಮ ಮಾಡಿಸಿದ.

ಪಾಪ, ಎಂಥ ಸರಳ ಮನುಷ್ಯ ಅನ್ನಿಸುತ್ತೆ ಅಲ್ವಾ? ತಡೆಯಿರಿ. ಮನೆಯ ಒಂದು ಭಾಗಕ್ಕೆ ಸಿಡಿಲು ಬಡಿಯಿತು. ಆ ಜಾಗ ದೇವರಿಗೆ ಬೇಕಂತೆ ಅಂತ ಪುರೋಹಿತರು ಹೇಳಿದರು. ಆಗಸ್ಟಸ್ ಅಲ್ಲಿ ಅಪೋಲೋ ದೇವರಿಗೆ ಬಿಳಿ ಅಮೃತಶಿಲೆಯ ಗುಡಿ ಕಟ್ಟಿಸಿದ. ಕ್ರಿ.ಪೂ. 28ರಲ್ಲಿ ಅದು ಪೂರ್ತಿಯಾಯಿತು. ಅಂದರೆ ಮನೆ ಸಣ್ಣದು, ಆದರೆ ಪಕ್ಕದ ಮನೆಯವನು ದೇವರು! ಮರುವರ್ಷವೇ ಅವನ ಬಾಗಿಲಿನ ಎರಡೂ ಪಕ್ಕ ಲಾರೆಲ್ ಗಿಡ, ಬಾಗಿಲ ಮೇಲೆ ಓಕ್ ಎಲೆಯ ಕಿರೀಟ ಇಡಲು ಸೆನೆಟ್ ಒಪ್ಪಿತು. ಓಕ್ ಕಿರೀಟ ಸಹನಾಗರಿಕರ ಜೀವ ಉಳಿಸಿದವನಿಗೆ ಕೊಡುವ ಗೌರವ. ಆ ಬಾಗಿಲಿನ ಚಿತ್ರ ನಾಣ್ಯಗಳ ಮೇಲೂ ಬಂತು. ಇನ್ನು ಮುಖ್ಯ ಪುರೋಹಿತನ ಹುದ್ದೆ ಹಿಡಿದವನು ಸಾರ್ವಜನಿಕ ಮನೆಯಲ್ಲೇ ಇರಬೇಕೆಂಬ ನಿಯಮ ಇತ್ತು. ಕ್ರಿ.ಪೂ. 12ರಲ್ಲಿ ಆ ಹುದ್ದೆ ಬಂದಾಗ ಆಗಸ್ಟಸ್ ಬೇರೆ ಮನೆಗೆ ಹೋಗಲಿಲ್ಲ. ತನ್ನ ಮನೆಯ ಒಂದು ಭಾಗವನ್ನೇ ಸಾರ್ವಜನಿಕ ಅಂತ ಘೋಷಿಸಿಬಿಟ್ಟ. ಮುಂದೆ ಬೆಂಕಿ ಬಿದ್ದು ಮತ್ತೆ ಕಟ್ಟಿದಾಗ ಇಡೀ ಮನೆಯನ್ನೇ ಸಾರ್ವಜನಿಕ ಎಂದ. ನಾನೊಬ್ಬ ಸಾಮಾನ್ಯ ನಾಗರಿಕ ಅಂತ ತೋರಿಸಿಕೊಳ್ಳಲು ಇಷ್ಟು ಜಾಣತನ ಬೇಕಾಯಿತು. ಅವನದು ಎಂದು ಗುರುತಿಸಿರುವ ಕೋಣೆಗಳು ಈಗ ಸಿಕ್ಕಿವೆ, 2008ರಿಂದ ಪ್ರವಾಸಿಗರಿಗೆ ತೆರೆದಿವೆ. ಗೋಡೆಗಳಲ್ಲಿ ದಟ್ಟ ಕೆಂಪು ಬಣ್ಣದ ಚಿತ್ರಗಳು, ನೋಡಿದರೆ ಕಣ್ಣು ತುಂಬುತ್ತದೆ. ಅಂಥ ಬಡ ಮನೆಯೇನೂ ಅಲ್ಲ, ಬಿಡಿ.

ಇವನ ಮರಿಮಗ ಕಲಿಗುಲಾಗೆ ಈ ನಾಟಕದ ತಾಳ್ಮೆ ಇರಲಿಲ್ಲ. ಗುಡ್ಡದ ಮನೆಯನ್ನು ಫೋರಮ್‌ವರೆಗೂ ಎಳೆದ. ಅಲ್ಲಿ ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿ ದೇವತೆಗಳ ಗುಡಿ ಇತ್ತು. ಎರಡು ವಿಗ್ರಹಗಳ ನಡುವೆಯೇ ದಾರಿ ಮಾಡಿ, ಆ ಗುಡಿಯನ್ನು ತನ್ನ ಮನೆಯ ಮುಂಬಾಗಿಲು ಮಾಡಿಕೊಂಡ. ದೇವರಿಬ್ಬರು ನನ್ನ ದ್ವಾರಪಾಲಕರು ಅಂತ ಹೇಳಿಕೊಳ್ಳಬೇಕಿತ್ತು ಅವನಿಗೆ! ಆದರೂ ಆ ದ್ವಾರಪಾಲಕರು ಕೆಲಸಕ್ಕೆ ಬರಲಿಲ್ಲ. ಕ್ರಿ.ಶ. 41ರ ಜನವರಿಯಲ್ಲಿ ಗುಡ್ಡದ ಮೇಲಿನ ಒಂದು ಓಣಿಯಲ್ಲಿ ಅವನ ಕಾವಲಿನವರೇ ಅವನನ್ನು ಕಡಿದು ಹಾಕಿದರು. ಚಿಕ್ಕಪ್ಪ ಕ್ಲಾಡಿಯಸ್ ಹೆದರಿ ಬಾಗಿಲ ಪರದೆಯ ಹಿಂದೆ ಅಡಗಿ ನಿಂತಿದ್ದ. ಪರದೆಯ ಕೆಳಗೆ ಕಾಲು ಕಂಡ ಒಬ್ಬ ಸೈನಿಕ ಎಳೆದು ನೋಡಿದ, ಗುರುತು ಹಿಡಿದ, ಚಕ್ರವರ್ತಿ ಅಂತ ಕೈಮುಗಿದ. ಪರದೆ ಹಿಂದಿನಿಂದ ಸಿಂಹಾಸನಕ್ಕೆ ಬಂದ ಕ್ಲಾಡಿಯಸ್ ಮುಂದೆ ತನ್ನನ್ನು ನೋಡಲು ಬರುವ ಪ್ರತಿಯೊಬ್ಬರನ್ನೂ ತಡಕಿ ತಪಾಸಣೆ ಮಾಡಿಯೇ ಒಳಗೆ ಬಿಡಬೇಕೆಂದು ಅಪ್ಪಣೆ ಮಾಡಿದ. ಈಗಿನ ಮೆಟಲ್ ಡಿಟೆಕ್ಟರಿನ ಅಜ್ಜ ಅನ್ನಬಹುದು.

ಈಗ ನೀರೋ. ಇವನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ಕ್ರಿ.ಶ. 64ರ ಜುಲೈಯಲ್ಲಿ ರೋಮ್‌ಗೆ ಬೆಂಕಿ ಬಿತ್ತು. ಆರು ದಿನ ಉರಿಯಿತು, ಆರಿತು ಅನ್ನುವಷ್ಟರಲ್ಲಿ ಮತ್ತೆ ಹೊತ್ತಿಕೊಂಡಿತು. ಊರಿನ 14 ಭಾಗಗಳಲ್ಲಿ 3 ಪೂರ್ತಿ ಬೂದಿ, 7ರಲ್ಲಿ ಅರೆಸುಟ್ಟ ಅವಶೇಷ, 4 ಮಾತ್ರ ಉಳಿದವು ಅಂತ ಟ್ಯಾಸಿಟಸ್ ಎಂಬ ಇತಿಹಾಸಕಾರ ಬರೆಯುತ್ತಾನೆ. ಬೆಂಕಿ ಇಟ್ಟವನು ನೀರೋನೇ ಅನ್ನುವ ಗಾಳಿಮಾತಿಗೆ ಗಟ್ಟಿ ಆಧಾರ ಇಲ್ಲ. ಆದರೆ ಆ ಮಾತು ಯಾಕೆ ನಿಂತಿತು ಅನ್ನುವುದು ಸುಲಭವಾಗಿ ಅರ್ಥವಾಗುತ್ತದೆ. ಸುಟ್ಟ ಜಾಗದಲ್ಲಿ ಅವನು ಮನೆ ಕಟ್ಟಿಸಿದ. ಹೆಸರು ಡೊಮುಸ್ ಔರಿಯಾ, ಚಿನ್ನದ ಮನೆ. ಕಟ್ಟಿದವರು ಸೆವೆರಸ್ ಮತ್ತು ಸೆಲರ್ ಎಂಬ ಇಬ್ಬರು.

ಮನೆ ಅನ್ನುವ ಪದ ಇಲ್ಲಿ ಸುಮ್ನೆ ಹೆಸರಿಗೆ. ನೂರು ಎಕರೆಯಿಂದ ಮುನ್ನೂರು ಎಕರೆವರೆಗೆ ಅಂದಾಜುಗಳಿವೆ. ನಡುವೆ ಸಮುದ್ರದಂಥ ಕೆರೆ, ಅದರ ಸುತ್ತ ಊರಿನ ಹಾಗೆ ಕಾಣುವ ಕಟ್ಟಡಗಳು. ಹೊಲ, ದ್ರಾಕ್ಷಿ ತೋಟ, ಹುಲ್ಲುಗಾವಲು, ಕಾಡು, ಅದರೊಳಗೆ ಸಾಕುಪ್ರಾಣಿ, ಕಾಡುಪ್ರಾಣಿ. ಮುಂಬಾಗಿಲ ಹಜಾರದಲ್ಲಿ 120 ರೋಮನ್ ಅಡಿ ಎತ್ತರದ ನೀರೋನ ಕಂಚಿನ ವಿಗ್ರಹ. ಊಟದ ಮನೆಗಳ ಚಾವಣಿಗೆ ದಂತದ ಹಲಗೆಗಳು. ಅವು ಸರಿದರೆ ಮೇಲಿನಿಂದ ಹೂವು ಬೀಳುತ್ತಿತ್ತು, ಕೊಳವೆಗಳಿಂದ ಅತ್ತರು ಚಿಮ್ಮುತ್ತಿತ್ತು. ಮುಖ್ಯ ಊಟದ ಮನೆ ದುಂಡಗಿತ್ತು, ಆಕಾಶದ ಹಾಗೆ ಹಗಲೂ ರಾತ್ರಿ ತಿರುಗುತ್ತಿತ್ತಂತೆ. 2009ರಲ್ಲಿ ಪ್ಯಾಲಟೈನ್ ಗುಡ್ಡದ ಒಂದು ಅಂಚಿನಲ್ಲಿ 4 ಮೀಟರ್ ದಪ್ಪದ ಭಾರಿ ಕಂಬದ ಸುತ್ತ ಕಟ್ಟಿದ ದುಂಡನೆಯ ಕಟ್ಟಡ ಸಿಕ್ಕಿತು. ತಿರುಗುವ ಊಟದ ಮನೆ ಇದೇ ಇರಬಹುದು ಅಂತ ಅಗೆದವರ ವಾದ. ಮನೆ ಸಿದ್ಧವಾದಾಗ ನೀರೋ ಹೇಳಿದ ಮಾತನ್ನು ಸ್ವೆಟೋನಿಯಸ್ ದಾಖಲಿಸಿದ್ದಾನೆ: ಅಂತೂ ಇನ್ನು ಮನುಷ್ಯನ ಹಾಗೆ ಬದುಕಲು ಶುರುಮಾಡಬಹುದು!

ಜನ ಗೋಡೆಗಳ ಮೇಲೆ ಪದ್ಯ ಕಟ್ಟಿ ಬರೆದರು. ರೋಮ್ ಒಂದೇ ಮನೆ ಆಗ್ತಾ ಇದೆ, ಎಲ್ಲರೂ ವೇಯಿ ಊರಿಗೆ ಗುಳೆ ಹೊರಡಿ, ಆ ಮನೆ ವೇಯಿವರೆಗೂ ಬರದಿದ್ದರೆ ಸರಿ ಅಂತ. ವೇಯಿ ಇದ್ದದ್ದು ಸುಮಾರು 16 ಕಿಲೋಮೀಟರ್ ದೂರದಲ್ಲಿ.

ನನ್ನ ಅನಿಸಿಕೆ ಹೇಳುತ್ತೇನೆ. ನೀರೋನ ತಪ್ಪು ಐಷಾರಾಮ ಅಲ್ಲವೇ ಅಲ್ಲ. ರೋಮಿನ ಶ್ರೀಮಂತರು ಹಳ್ಳಿಗಳಲ್ಲಿ, ಕಡಲ ದಂಡೆಯಲ್ಲಿ ಕೆರೆ, ತೋಟ ಎಲ್ಲ ಇರುವ ಬಂಗಲೆಗಳನ್ನು ಮೊದಲಿನಿಂದಲೂ ಕಟ್ಟುತ್ತಿದ್ದರು. ಯಾರಿಗೂ ಹೊಟ್ಟೆಯುರಿ ಆಗಿರಲಿಲ್ಲ. ಇವನು ಹಳ್ಳಿಯನ್ನು ತಂದು ಊರ ನಡುವೆ ಇಟ್ಟ. ಮನೆ ಸುಟ್ಟುಹೋದವರ ಕಣ್ಣೆದುರು ಕುರಿ ಮೇಯಿಸಿದ. ಅದು ಅವರಿಗೆ ಜೀರ್ಣ ಆಗಲಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ನೀರೋ 68ರಲ್ಲಿ ಸತ್ತ. ಮರುವರ್ಷ ಕೆಲವು ತಿಂಗಳು ಮಾತ್ರ ಆಳಿದ ಓಥೋ ಚಕ್ರವರ್ತಿಯಾಗಿ ಮೊದಲು ಸಹಿ ಹಾಕಿದ ಕಾಗದ, ಚಿನ್ನದ ಮನೆಯ ಉಳಿದ ಕೆಲಸಕ್ಕೆ 5 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಮಂಜೂರು ಮಾಡಿದ್ದು. ಈ 5 ಕೋಟಿ ಎಂಬ ಅಂಕಿಯನ್ನು ನಾನು ಇನ್ನೊಂದು ಕಡೆ ನೋಡಿದ್ದೆ. ಅದೇ ಕಾಲದ ಪ್ಲಿನಿ ಎಂಬ ರೋಮನ್ ಲೇಖಕ ಒಂದು ಗೋಳು ತೋಡಿಕೊಂಡಿದ್ದಾನೆ. ಪ್ರತಿ ವರ್ಷ ಇಂಡಿಯಾ ನಮ್ಮ ಸಾಮ್ರಾಜ್ಯದಿಂದ 5 ಕೋಟಿ ಸೆಸ್ಟರ್ಸ್‌ಗೆ ಕಡಿಮೆ ಇಲ್ಲದಷ್ಟು ಹೀರುತ್ತದೆ ಅಂತ. ಮೆಣಸು, ಮುತ್ತು, ಬಟ್ಟೆಗಾಗಿ. ಅಂದರೆ ಚಕ್ರವರ್ತಿಯ ಮನೆಯ ಬಾಕಿ ರಿಪೇರಿಯೂ, ನಮ್ಮ ಕಡೆಗೆ ಹರಿದುಬರುತ್ತಿದ್ದ ಒಂದು ವರ್ಷದ ಹಣವೂ ಸರಿಸಮ! ಆ ಹಣ ಎಲ್ಲೆಲ್ಲಿಗೆ ಬಂತು ಅಂತೀರಾ? 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಆಗಸ್ಟಸ್‌ನ ನಂತರ ಆಳಿದ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು.

ಓಥೋನ ನಂತರ ಬಂದ ವಿಟೆಲಿಯಸ್‌ಗೆ ಆ ಚಿನ್ನದ ಮನೆಯೂ ಸಾಲಲಿಲ್ಲವಂತೆ. ಅವನ ಹೆಂಡತಿ, ಅಲಂಕಾರ ಇಷ್ಟೇನಾ ಅಂತ ಮೂಗು ಮುರಿದಳಂತೆ. ಹೊಸ ಮನೆಗೆ ಕಾಲಿಟ್ಟ ಕೂಡಲೇ ಹಳಬರ ಟೈಲ್ಸ್ ಚೆನ್ನಾಗಿಲ್ಲ ಅನ್ನುವವರು ಎಲ್ಲ ಕಾಲದಲ್ಲೂ ಇದ್ದರು.

ಆಮೇಲೆ ವೆಸ್ಪೇಷಿಯನ್ ಬಂದ. ಸೈನಿಕ, ಜಿಪುಣ, ಜಾಣ. ತಪಾಸಣೆ ಮಾಡಿ ಒಳಗೆ ಬಿಡುವ ಪದ್ಧತಿಯನ್ನು, ಪಟ್ಟಕ್ಕಾಗಿ ನಡೆದಿದ್ದ ಒಳಯುದ್ಧ ಇನ್ನೂ ಮುಗಿಯುವ ಮೊದಲೇ ನಿಲ್ಲಿಸಿದ. ಅರಮನೆಯ ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು, ಕಾವಲಿನವರೂ ನಿಲ್ಲುತ್ತಿರಲಿಲ್ಲ ಅಂತ ಡಿಯೋ ಹೇಳುತ್ತಾನೆ. ಅವನು ನೀರೋನ ಕೆರೆಯ ನೀರು ಬಸಿದು, ಆ ಗುಂಡಿಯಲ್ಲೇ ಒಂದು ಕಟ್ಟಡದ ಪಾಯ ಹಾಕಿಸಿದ. ಅದೇ ನಮಗೆಲ್ಲ ಗೊತ್ತಿರುವ ಕೊಲೋಸಿಯಂ. ಕ್ರಿ.ಶ. 80ರಲ್ಲಿ ಮಗ ಟೈಟಸ್ ಅದನ್ನು ಉದ್ಘಾಟಿಸಿದ, ನೂರು ದಿನ ಆಟ ನಡೆಸಿದ. ಉದ್ದ 189 ಮೀಟರ್, ಅಗಲ 156, ಎತ್ತರ ಹತ್ತಿರ ಹತ್ತಿರ 50. ಹಣ ಬಂದದ್ದು ಜೆರುಸಲೇಮಿನ ಯುದ್ಧದ ಲೂಟಿಯಿಂದ.

ಅದರ ಬಾಗಿಲು ಎಷ್ಟು ಗೊತ್ತಾ? ನೆಲದ ಮಟ್ಟದಲ್ಲಿ 80 ಕಮಾನುಗಳು. 76ಕ್ಕೆ ನಂಬರು ಕೆತ್ತಿದ್ದರು, ಕೆಲವು ನಂಬರುಗಳು ಇವತ್ತಿಗೂ ಓದಲು ಬರುತ್ತವೆ. ಯಾವ ನಂಬರಿನ ಬಾಗಿಲಿನಿಂದ ಹೋಗಬೇಕು ಅನ್ನುವುದು ಕೈಯಲ್ಲಿದ್ದ ಬಿಲ್ಲೆಯಿಂದ ತಿಳಿಯುತ್ತಿತ್ತು. ಉಳಿದ ನಾಲ್ಕು ದೊಡ್ಡವರಿಗೆ ಮತ್ತು ಆಟದವರಿಗೆ. ಒಬ್ಬನ ಕೆರೆ ಇದ್ದ ಜಾಗಕ್ಕೆ ಎಂಬತ್ತು ಬಾಗಿಲು. ರಾಜಕೀಯ ಭಾಷಣವನ್ನು ಇದಕ್ಕಿಂತ ಚೆನ್ನಾಗಿ ಕಲ್ಲಿನಲ್ಲಿ ಕಟ್ಟಿದವರನ್ನು ನಾನು ನೋಡಿಲ್ಲ. ಒಳಗೆ ಹೋದ ಮೇಲೆ ಮಾತ್ರ ಎಲ್ಲರೂ ಸಮಾನರಲ್ಲ. ಸೆನೆಟರು ಕೆಳಗೆ ಮುಂದಿನ ಸಾಲು, ಹೆಂಗಸರು ಮತ್ತು ಬಡವರು ತುದಿಯಲ್ಲಿ.

ಚಿನ್ನದ ಮನೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕ್ರಿ.ಶ. 104ರ ಬೆಂಕಿಯ ನಂತರ ಟ್ರಾಜನ್ ಚಕ್ರವರ್ತಿ ಅದರ ಒಂದು ದೊಡ್ಡ ಭಾಗದ ಮೇಲೆ ಸಾರ್ವಜನಿಕ ಸ್ನಾನಗೃಹ ಕಟ್ಟಿಸಿದ. ಡಮಾಸ್ಕಸ್ಸಿನ ಅಪೊಲೊಡೋರಸ್ ಅದರ ವಾಸ್ತುಶಿಲ್ಪಿ. ನೀರೋನ ಕೋಣೆಗಳ ಅಮೃತಶಿಲೆ ಕಿತ್ತು, ಒಳಗೆ ಮಣ್ಣು ತುಂಬಿ, ಅದನ್ನೇ ಪಾಯ ಮಾಡಿಕೊಂಡರು. ಹೂತುಹಾಕಿದ್ದರಿಂದಲೇ ಅದು ಉಳಿಯಿತು. ಸುಮಾರು 1480ರ ಹೊತ್ತಿಗೆ ಗುಡ್ಡದ ಮೇಲಿನ ಒಂದು ತೂತಿನಿಂದ ಜನ ಒಳಗೆ ಇಳಿದರು. ಚಾವಣಿಯ ತನಕ ಮಣ್ಣು. ಹೊಟ್ಟೆಯ ಮೇಲೆ ತೆವಳುತ್ತಾ ದೀಪ ಎತ್ತಿ ಹಿಡಿದರೆ ಕೈಗೆಟಕುವ ದೂರದಲ್ಲಿ ಬಣ್ಣದ ಬಳ್ಳಿ, ಹಕ್ಕಿ, ಅರ್ಧ ಮನುಷ್ಯ ಅರ್ಧ ಎಲೆಯಂಥ ಆಕೃತಿಗಳು! ಹೆಸರಾಂತ ಚಿತ್ರಕಾರ ರಫೇಲ್ ಸಹ ಹೀಗೆ ಇಳಿದವನೇ. ಇಲ್ಲಿ ಕಂಡ ಬಳ್ಳಿಗಳನ್ನೇ ಅವನ ತಂಡ ವ್ಯಾಟಿಕನ್ನಿನ ಪಡಸಾಲೆಗಳಲ್ಲಿ ಹಬ್ಬಿಸಿತು. ಗುಹೆ ಅಂದರೆ ಇಟಲಿಯ ಭಾಷೆಯಲ್ಲಿ ಗ್ರೊಟ್ಟಾ. ವಿಚಿತ್ರ, ವಿಕಾರ ಅನ್ನುವ ಅರ್ಥದ ಗ್ರೊಟೆಸ್ಕ್ ಎಂಬ ಇಂಗ್ಲಿಷ್ ಪದ ಹುಟ್ಟಿದ್ದು ಆ ಗುಹೆಗಳಿಂದ. ಬಂದವರು ಚಾವಣಿಯಲ್ಲಿ ತಮ್ಮ ಹೆಸರು ಗೀಚಿ ಹೋದರು. ಪ್ರವಾಸಿ ತಾಣದಲ್ಲಿ ಹೆಸರು ಕೆತ್ತುವ ರೋಗಕ್ಕೆ ಇತಿಹಾಸ ಉಂಟು.

ಆ ಚಿತ್ರಗಳನ್ನು ಬರೆದ ಮುಖ್ಯ ಕಲಾವಿದನ ಹೆಸರು ಫ್ಯಾಬುಲಸ್. ಮರದ ಅಟ್ಟಣಿಗೆ ಹತ್ತಿ ಕೆಲಸ ಮಾಡುವಾಗಲೂ ಟೋಗಾ, ಅಂದರೆ ರೋಮನ್ನರ ಮರ್ಯಾದೆಯ ಮೇಲುಡುಪು, ತೊಟ್ಟೇ ಇರುತ್ತಿದ್ದನಂತೆ. ಚಿನ್ನದ ಮನೆ ಅವನ ಕಲೆಗೆ ಸೆರೆಮನೆಯಾಯಿತು, ಬೇರೆಲ್ಲೂ ಅವನ ಕೆಲಸ ಅಷ್ಟಾಗಿ ಇಲ್ಲ ಅಂತ ಪ್ಲಿನಿ ನೊಂದುಕೊಂಡಿದ್ದಾನೆ. ಈಗ ಅಲ್ಲಿಗೆ ಹೋದರೆ ತಲೆಗೆ ಹೆಲ್ಮೆಟ್ ಕೊಟ್ಟು ಒಳಗೆ ಕಳಿಸುತ್ತಾರೆ. ಬೇಸಿಗೆಯಲ್ಲೂ ಸ್ವೆಟರ್ ಬೇಕು.

ಟೈಟಸ್‌ನ ತಮ್ಮ ಡೊಮಿಷಿಯನ್‌ಗೆ ಬರೋಣ. ಅಪ್ಪ ಬಾಗಿಲು ತೆರೆದಿಟ್ಟವನು, ಮಗ ಮುಚ್ಚಿದವನು. ಪ್ಯಾಲಟೈನ್ ಗುಡ್ಡದ ಮೇಲೆ ಇವತ್ತು ನಾವು ನೋಡುವ ಇಟ್ಟಿಗೆಯ ರಾಶಿಯಲ್ಲಿ ಬಹುಪಾಲು ಇವನದು. ವಾಸ್ತುಶಿಲ್ಪಿ ರಾಬಿರಿಯಸ್. 92ರ ಹೊತ್ತಿಗೆ ಮುಖ್ಯ ಕೆಲಸ ಮುಗಿದಿತ್ತು. ಒಡ್ಡೋಲಗದ ಸಭಾಂಗಣ ಹೆಚ್ಚುಕಡಿಮೆ 38 ಮೀಟರ್ ಉದ್ದ, 31 ಮೀಟರ್ ಅಗಲ. ಗೋಡೆಯ ಗೂಡುಗಳಲ್ಲಿ ಈಜಿಪ್ಟಿನಿಂದ ತಂದ ಹಸಿರುಗಪ್ಪು ಕಲ್ಲಿನ ದೈತ್ಯ ವಿಗ್ರಹಗಳು. ಅವುಗಳಲ್ಲಿ ಎರಡು 1724ರಲ್ಲಿ ಸಿಕ್ಕಿ, ಈಗ ಪಾರ್ಮಾ ಊರಿನಲ್ಲಿವೆ. ಊಟದ ಮನೆಯ ನೆಲದಡಿಯಲ್ಲಿ ಬಿಸಿಗಾಳಿ ಹರಿಯುವ ವ್ಯವಸ್ಥೆ ಇತ್ತು. ಸ್ಟೇಷಿಯಸ್ ಎಂಬ ಕವಿ ಅಲ್ಲಿ ಊಟಕ್ಕೆ ಕೂತು ಬಂದು, ತಲೆ ಎತ್ತಿ ನೋಡಿದರೆ ಚಾವಣಿ ಕಾಣುವಷ್ಟರಲ್ಲಿ ಕಣ್ಣು ಸೋಲುತ್ತದೆ, ಬಂಗಾರದ ಆಕಾಶವೇ ಅನ್ನಿಸುತ್ತದೆ ಅಂತ ಪದ್ಯ ಬರೆದ. ಊಟ ಹಾಕಿದವರ ಬಗ್ಗೆ ಕವಿಗಳು ಬರೆದದ್ದನ್ನು ಸ್ವಲ್ಪ ರಿಯಾಯಿತಿ ಇಟ್ಟುಕೊಂಡೇ ಓದಬೇಕು. ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಮಾತ್ರ ಬೇರೆ ರಾಗ ಹಾಡಿದ: ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದ ಮೈಡಾಸನ ಹಾಗೆ ಇವನಿಗೂ ಎಲ್ಲವನ್ನೂ ಚಿನ್ನ, ಕಲ್ಲು ಮಾಡುವ ರೋಗ.

ಗುಡ್ಡದ ಕೆಳಗೆ, ಪವಿತ್ರ ಬೀದಿ ಅಂತ ಕರೆಯುತ್ತಿದ್ದ ರಸ್ತೆಯ ಪಕ್ಕ ಇದೇ ಡೊಮಿಷಿಯನ್ ಒಂದು ಮೆಣಸಿನ ಉಗ್ರಾಣ ಕಟ್ಟಿಸಿದ. ಮಲಬಾರಿನ ಕರಿಮೆಣಸು ಹಡಗಿನಲ್ಲಿ ಈಜಿಪ್ಟ್ ತಲುಪಿ, ಅಲ್ಲಿಂದ ರೋಮ್‌ಗೆ ಬಂದು ಆ ಉಗ್ರಾಣ ಸೇರುತ್ತಿತ್ತು. ಅರಮನೆಯ ಕೆಳಗೇ ನಮ್ಮ ಪಶ್ಚಿಮ ಘಟ್ಟದ ಘಾಟು!

ಆದರೆ ಡೊಮಿಷಿಯನ್‌ಗೆ ನೆಮ್ಮದಿ ಇರಲಿಲ್ಲ. ಯಾರೋ ತನ್ನನ್ನು ಕೊಲ್ಲುತ್ತಾರೆ ಅಂತ ಸದಾ ಹೆದರಿಕೆ. ತಾನು ಅಡ್ಡಾಡುವ ಕಂಬಸಾಲಿನ ಗೋಡೆಗಳಿಗೆ ಕನ್ನಡಿಯ ಹಾಗೆ ಹೊಳೆಯುವ ಒಂದು ಕಲ್ಲಿನ ಹಲಗೆ ಹೊದಿಸಿದ. ಬೆನ್ನ ಹಿಂದೆ ಯಾರು ಬಂದರೂ ಕಾಣಬೇಕು. ಇಡೀ ರೋಮಿನ ಇತಿಹಾಸದಲ್ಲಿ ನನ್ನನ್ನು ಬಹಳ ಕಾಡುವ ಗೋಡೆ ಇದು. ಆಗಸ್ಟಸ್ ಗಿಡ್ಡ ಕಂಬಗಳ ನಡುವೆ ನಿದ್ದೆ ಮಾಡಿದ. ಇವನು ತನ್ನ ಮನೆಯಲ್ಲೇ ಕನ್ನಡಿ ನೋಡಿಕೊಂಡು ನಡೆದ. 96ರ ಸೆಪ್ಟೆಂಬರ್ 18ರಂದು ಸ್ಟೆಫನಸ್ ಎಂಬ ಮನೆವಾರ್ತೆಯವನು ಪಿತೂರಿಯ ಸುದ್ದಿ ತಂದಿದ್ದೇನೆ ಅಂತ ಮಲಗುವ ಕೋಣೆಗೆ ಬಂದ. ಕೈಗೆ ಗಾಯವಾದಂತೆ ಉಣ್ಣೆಯ ಪಟ್ಟಿ, ಅದರೊಳಗೆ ಚಾಕು. ಇರಿತ ಬಿದ್ದ ಮೇಲೆ ಡೊಮಿಷಿಯನ್ ಅಲ್ಲಿದ್ದ ಹುಡುಗನಿಗೆ ದಿಂಬಿನ ಕೆಳಗಿನ ಕತ್ತಿ ಕೊಡು, ಆಳುಗಳನ್ನು ಕರಿ ಅಂತ ಕೂಗಿದ. ದಿಂಬಿನ ಕೆಳಗೆ ಹಿಡಿ ಮಾತ್ರ ಇತ್ತು, ಅಲಗು ಇರಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು.

ಅವನ ನಂತರ ಬಂದ ಮುದುಕ ನರ್ವಾ ಅದೇ ಮನೆಯ ಮೇಲೆ ಒಂದು ಫಲಕ ಹಾಕಿಸಿದ: ಸಾರ್ವಜನಿಕರ ಮನೆ. ಆಗಸ್ಟಸ್‌ನ ಹಳೇ ಉಪಾಯ ಮತ್ತೆ ಕಪಾಟಿನಿಂದ ಹೊರಬಂತು.

ಇಷ್ಟು ದೊಡ್ಡ ಚಾವಣಿ ನಿಂತದ್ದು ಹೇಗೆ ಅಂತ ಕೇಳಬಹುದು. ಕಬ್ಬಿಣದ ಸರಳು ಇಲ್ಲ, ಸಿಮೆಂಟ್ ಕಾರ್ಖಾನೆ ಇಲ್ಲ. ನೇಪಲ್ಸ್ ಹತ್ತಿರದ ಪೊಝುವೋಲಿ ಕಡೆಯ ಜ್ವಾಲಾಮುಖಿಯ ಬೂದಿಮಣ್ಣು ಇದೆಯಲ್ಲ, ಅದನ್ನು ಸುಣ್ಣದ ಜೊತೆ ಕಲಸಿದರೆ ಬರುವ ಗಾರೆ ನೀರಿನೊಳಗೂ ಗಟ್ಟಿಯಾಗುತ್ತದೆ. ರೋಮ್ ಸುತ್ತಮುತ್ತಲೂ ಅಂಥದೇ ಮಣ್ಣು ಸಿಗುತ್ತಿತ್ತು. ಗಾರೆಗೆ ಕಲ್ಲಿನ ಚೂರು ಸೇರಿಸಿ, ಇಟ್ಟಿಗೆಯ ಎರಡು ಹೊರಮೈಗಳ ನಡುವೆ ತುಂಬುತ್ತಿದ್ದರು. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಪೂರ್ತಿಯಾದ ಪ್ಯಾಂಥಿಯನ್ ಗುಡಿಯ ಗುಮ್ಮಟ ಇದರ ಶಿಖರ. ಅಡ್ಡಳತೆ 43.3 ಮೀಟರ್. ಬುಡದಲ್ಲಿ ಸುಮಾರು 6 ಮೀಟರ್ ದಪ್ಪ, ತುದಿಯಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕೆಳಗಿನ ಗಾರೆಗೆ ಭಾರದ ಕಲ್ಲು, ಮೇಲೆ ಹೋದ ಹಾಗೆ ಹಗುರ ಕಲ್ಲು, ತುತ್ತತುದಿಗೆ ನೀರಲ್ಲಿ ತೇಲುವ ಪ್ಯೂಮಿಸ್. ನೆತ್ತಿಯಲ್ಲಿ ದೊಡ್ಡ ತೆರೆದ ಕಣ್ಣು, ಮಳೆ ಬಂದರೆ ನೀರು ಒಳಗೇ ಬೀಳುತ್ತದೆ. ಸರಳು ಹಾಕದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಜಗತ್ತಿನಲ್ಲಿ ಇದೇ ದೊಡ್ಡದು.

ಅಮೃತಶಿಲೆ ಇವಕ್ಕೆಲ್ಲ ಉಡಿಸಿದ ಸೀರೆ ಮಾತ್ರ. ಟ್ಯುನೀಷಿಯಾದ ಹಳದಿ ಕಲ್ಲು, ಈಜಿಪ್ಟಿನ ಮರುಭೂಮಿಯಿಂದ ಎಳೆದು ತಂದ ಕೆನ್ನೀಲಿ ಪಾರ್ಫಿರಿ. ಸಾಮ್ರಾಜ್ಯ ಬಿದ್ದ ಮೇಲೆ ಆ ಸೀರೆಯನ್ನು ಊರವರೇ ಬಿಚ್ಚಿದರು. ಅಮೃತಶಿಲೆ ಸುಟ್ಟರೆ ಒಳ್ಳೇ ಸುಣ್ಣ ಬರುತ್ತದೆ. ನೂರಾರು ವರ್ಷ ಸುಣ್ಣದ ಗೂಡುಗಳು ಅರಮನೆಗಳನ್ನು ತಿಂದವು. ಇಟ್ಟಿಗೆಯ ಊರನ್ನು ಅಮೃತಶಿಲೆಯ ಊರು ಮಾಡಿದೆ ಅಂತ ಆಗಸ್ಟಸ್ ಜಂಬ ಕೊಚ್ಚಿದ್ದ. ಇವತ್ತು ಪ್ಯಾಲಟೈನ್ ಹತ್ತಿದರೆ ಕಾಣುವುದು ಬರೀ ಇಟ್ಟಿಗೆ.

ಕೊನೆಯದಾಗಿ ಡಯೋಕ್ಲೀಷಿಯನ್. ಇವನ ಕಾಲಕ್ಕೆ ಸಾಮಾನ್ಯ ನಾಗರಿಕನ ವೇಷ ಪೂರ್ತಿ ಕಳಚಿತ್ತು. ಒಡೆಯಾ ಅನ್ನಬೇಕು, ಕಾಲಿಗೆ ಬೀಳಬೇಕು. ಆದರೆ ಇವನು ಅದುವರೆಗೆ ಯಾವ ಚಕ್ರವರ್ತಿಯೂ ಮಾಡದ ಕೆಲಸವನ್ನೂ ಮಾಡಿದ. 305ರ ಮೇ 1ರಂದು ತಾನಾಗಿ ಅಧಿಕಾರ ಬಿಟ್ಟು ನಿವೃತ್ತನಾದ. ಈಗಿನ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ, ಕಡಲ ದಂಡೆಯಲ್ಲಿ, ಹೆಚ್ಚುಕಡಿಮೆ 215 ಮೀಟರ್ ಉದ್ದ, 180 ಮೀಟರ್ ಅಗಲದ ಅರಮನೆ ಕಟ್ಟಿಸಿಕೊಂಡಿದ್ದ. ಅರಮನೆ ಅನ್ನುವುದಕ್ಕಿಂತ ಕೋಟೆ. ದಪ್ಪ ಗೋಡೆ, 16 ಗೋಪುರ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ವಾಪಸ್ ಬಂದು ಅಧಿಕಾರ ಹಿಡಿ ಅಂತ ಕರೆದವರಿಗೆ, ನನ್ನ ಕೈಯಾರೆ ಬೆಳೆಸಿದ ತರಕಾರಿ ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಅಂದನಂತೆ.

ಏಳನೇ ಶತಮಾನದಲ್ಲಿ ಪಕ್ಕದ ಸಲೋನಾ ಪಟ್ಟಣ ದಾಳಿಗೆ ಸಿಕ್ಕಾಗ ಅಲ್ಲಿನ ಜನ ಓಡಿಬಂದು ಈ ಗೋಡೆಗಳೊಳಗೆ ಸೇರಿಕೊಂಡರು. ಸಭಾಂಗಣಗಳಲ್ಲಿ ಒಲೆ ಹೂಡಿದರು. ಕಂಬಗಳ ನಡುವೆ ಗೋಡೆ ಎಬ್ಬಿಸಿ ಮನೆ ಮಾಡಿಕೊಂಡರು. ಕೆಳಗಿನ ನೆಲಮಾಳಿಗೆಗೆ ಕಸ, ಕೊಳಕು ಸುರಿದರು. ಆ ಕಸ ತುಂಬಿಕೊಂಡಿದ್ದರಿಂದಲೇ ನೆಲಮಾಳಿಗೆ ಹಾಗೇ ಉಳಿಯಿತು. ಅದರ ನಕ್ಷೆ ನೋಡಿಯೇ ಮೇಲಿನ ಕೋಣೆಗಳು ಹೇಗಿದ್ದವು ಅಂತ ಈಗ ಹೇಳಲು ಆಗುವುದು. ಡಯೋಕ್ಲೀಷಿಯನ್ ಕ್ರೈಸ್ತರನ್ನು ಕಾಡಿದವನು. 304ರಲ್ಲಿ ಸಲೋನಾದ ಬಿಷಪ್ ಡೊಮ್ನಿಯಸ್‌ನ ತಲೆ ಹಾರಿತು. ಇವತ್ತು ಡಯೋಕ್ಲೀಷಿಯನ್‌ನ ಸಮಾಧಿ ಮಂದಿರವೇ ಸಂತ ಡೊಮ್ನಿಯಸ್‌ನ ಇಗರ್ಜಿ. ಚಕ್ರವರ್ತಿಯ ಶವಪೆಟ್ಟಿಗೆ ಎಲ್ಲಿ ಹೋಯಿತೋ ಪತ್ತೆ ಇಲ್ಲ. ಅರಮನೆಯೊಳಗೆ ಈಗಲೂ ಸಂಸಾರಗಳಿವೆ, ಅಂಗಡಿಗಳಿವೆ, ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಹಾಕಿರುತ್ತಾರೆ.

ಮಾತು ಇಲ್ಲಿಗೆ ಮುಗಿಸಿದ್ದೆ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದರು: ಇಷ್ಟೆಲ್ಲ ಬಾಗಿಲು ಹೇಳಿದ್ರಿ ಸಾರ್, ಕೆಲಸದವರು ಯಾವ ಬಾಗಿಲಿಂದ ಬರ್ತಿದ್ರು?

ನಾನು ತಯಾರಿ ಮಾಡಿಕೊಂಡ ಹಾಳೆಗಳಲ್ಲಿ ಇದು ಇರಲಿಲ್ಲ. ಇರಬೇಕಿತ್ತು. ನೆನಪಿನಿಂದ ಉತ್ತರ ಹೇಳಿದೆ, ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ.

ಇದಕ್ಕೆ ಚೆನ್ನಾಗಿ ಉತ್ತರ ಸಿಗುವುದು ಟಿವೊಲಿಯಲ್ಲಿ. ರೋಮ್‌ನಿಂದ ಸುಮಾರು 28 ಕಿಲೋಮೀಟರ್ ದೂರ. ಹೇಡ್ರಿಯನ್ ಅಲ್ಲಿ 120 ಹೆಕ್ಟೇರಿನಷ್ಟು ಜಾಗದಲ್ಲಿ ಅರಮನೆಗಳ ಊರನ್ನೇ ಕಟ್ಟಿದ. ದೇಶ ಸುತ್ತಿ ನೋಡಿ ಬಂದ ಜಾಗಗಳ ಹೆಸರನ್ನು ಅಲ್ಲಿನ ಕಟ್ಟಡಗಳಿಗೆ ಇಟ್ಟ. ಒಂದು ದುಂಡು ಕಾಲುವೆ, ನಡುವೆ ಸಣ್ಣ ದ್ವೀಪ, ದ್ವೀಪದ ಮೇಲೆ ಒಬ್ಬನೇ ಇರಬಹುದಾದ ಪುಟ್ಟ ಮನೆ. ಚಕ್ರವರ್ತಿಗೆ ಯಾರ ಮುಖವೂ ಬೇಡ ಅನ್ನಿಸಿದರೆ ಅಲ್ಲಿಗೆ ಹೋಗಬಹುದಿತ್ತು. ಕೆಲಸದವರ ಮುಖವಂತೂ ಕಾಣಲೇಬಾರದು. ಅದಕ್ಕೆ ನೆಲದಡಿಯಲ್ಲಿ ಬಂಡೆ ಕೊರೆದು ಕಿಲೋಮೀಟರುಗಟ್ಟಲೆ ಸುರಂಗ ಮಾಡಿದ್ದರು. ಕೆಲವು ಗಾಡಿ ಹೋಗುವಷ್ಟು ಅಗಲ. ಸೌದೆ, ದವಸ, ನೀರು, ಊಟ ಎಲ್ಲ ಕೆಳಗಿನಿಂದಲೇ ಓಡಾಡುತ್ತಿತ್ತು. ಮೇಲೆ ತೋಟದಲ್ಲಿ ಅಡ್ಡಾಡುವವರಿಗೆ ಇದರ ಸದ್ದೂ ಇಲ್ಲ. ಪಾಯಖಾನೆಯಲ್ಲೂ ಭೇದ. ದೊಡ್ಡವರಿಗೆ ಒಬ್ಬೊಬ್ಬರೇ ಕೂರುವ ಅಮೃತಶಿಲೆಯ ಕೋಣೆ, ಆಳುಗಳಿಗೆ ಸಾಲಾಗಿ ಕೂರುವ ಉದ್ದನೆ ಹಾಸು.

ಪ್ಯಾಲಟೈನ್ ಗುಡ್ಡದಲ್ಲೂ ಒಂದು ಜಾಗ ಇದೆ, ಡೊಮಿಷಿಯನ್‌ನ ಅರಮನೆಯ ಕೆಳಗಿನ ಇಳಿಜಾರಿನಲ್ಲಿ. ಹೆಸರು ಪೆಡಗೋಗಿಯಮ್. ಅರಮನೆಯ ಗುಲಾಮ ಹುಡುಗರಿಗೆ ಅಲ್ಲಿ ಕೆಲಸ ಕಲಿಸುತ್ತಿದ್ದರು ಅಂತ ತಿಳಿಯಲಾಗಿದೆ. 1857ರಲ್ಲಿ ಅಗೆದಾಗ ಗೋಡೆಗಳ ತುಂಬ ಗೀಚಿದ ಬರಹ ಸಿಕ್ಕಿತು. ಒಂದು ಕಡೆ ಹಿಟ್ಟಿನ ಗಿರಣಿ ತಿರುಗಿಸುವ ಕತ್ತೆಯ ಚಿತ್ರ. ಪಕ್ಕದಲ್ಲಿ ಹೀಗೆ ಬರೆದಿದೆ: ದುಡಿ ಮರಿಗತ್ತೆ, ನಾನು ದುಡಿದ ಹಾಗೆ, ನಿನಗೆ ಲಾಭ ಆಗುತ್ತೆ. ಯಾವ ಹುಡುಗ ಗೀಚಿದನೋ, ಎಂಥ ನಗು ಅದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಇನ್ನೊಂದು ಬಗೆಯ ಗೀಚು ಅಲ್ಲಿ ಮತ್ತೆ ಮತ್ತೆ ಬರುತ್ತದೆ, ಹೆಸರು ಮಾತ್ರ ಬೇರೆ ಬೇರೆ. ಒಂದರಲ್ಲಿ ಇಷ್ಟೇ ಇದೆ: ಕೊರಿಂಥಸ್ ಪೆಡಗೋಗಿಯಮ್‌ನಿಂದ ಹೊರಟ.